ಪೂಲ್ ಆಟದಲ್ಲಿ ಬ್ರೇಕ್‌ಗೂ ಜಂಪ್‌ಗೂ ಒಂದೇ ಕಸ್ಟಮ್ ಕ್ಯೂ (ಆಡೋ ಕೋಲು) ಮಾಡಿಸ್ತಿದೀನಿ, ತೂಕ ಎಲ್ಲಿ ಇಡಿಸ್ಲಿ?

ಎಂಟನೇ_ಬಾಲ್:
ಎಲ್ರಿಗೂ ನಮಸ್ಕಾರ. ಬ್ರೇಕ್‌ಗೂ (ಆಟ ಶುರು ಮಾಡೋ ಜೋರು ಹೊಡೆತ) ಜಂಪ್‌ಗೂ (ಅಡ್ಡ ಇರೋ ಬಾಲ್ ಮೇಲಿಂದ ಬಿಳಿ ಕ್ಯೂ ಬಾಲ್ ಹಾರಿಸೋದು) ಆಗೋ ಮೂರು ಪೀಸಿನ ಕ್ಯೂ ಮಾಡಿಸ್ತಿದೀನಿ, ಒಟ್ಟು 58 ಇಂಚು, ಹಿಂದಿನ ಹಿಡಿ ಬಿಚ್ಚಿದ್ರೆ ಜಂಪ್ ಕ್ಯೂ ಆಗ್ಬೇಕು. ಎರಡನೇ ಜಾಯಿಂಟ್ ಎಲ್ಲಿ ಬರ್ಲಿ, ತೂಕ ಎಷ್ಟು, ಟಿಪ್ (ಬಾಲ್‌ಗೆ ತಾಗೋ ತುದಿ) ಯಾವ್ದು ಅಂತ ಮಾಡೋರು ಕೇಳ್ತಿದಾರೆ. ಈಗಿರೋ ಕ್ಯೂನಲ್ಲಿ ಬ್ರೇಕ್ ಚೆನ್ನಾಗೇ ಬರುತ್ತೆ ಆದ್ರೆ ಜಂಪ್ ಹೊಡೆದ್ರೆ ಕ್ಯೂ ಬಾಲ್ ಮೇಲೇಳೋದೇ ಇಲ್ಲ, ಟಿಪ್ ಕೆಳಗೇ ಸಿಕ್ಕಾಕೊಂಡು ಟಕ್ ಟಕ್ ಅಂತ ಎರಡ್ ಸಲ ಸದ್ದಾಗುತ್ತೆ.

ಮೇಪಲ್_ಪ್ರಿಯ:
ಎರಡ್ ಸಲ ಸದ್ದು ಬರ್ತಿದೆ ಅಂದ್ರೆ ನಿಮ್ ಕ್ಯೂ ಮುಂದಿನ ಭಾಗ ಭಾರ ಇರ್ಬೇಕು. ಜಂಪ್‌ನಲ್ಲಿ ಮೇಲಿಂದ ಹೊಡೆದಾಗ ಬಾಲ್ ಟೇಬಲ್‌ಗೆ ಬಡಿದು ಪುಟಿಯುತ್ತೆ, ಅಷ್ಟರಲ್ಲಿ ಕ್ಯೂ ಹಿಂದಕ್ಕೆ ಸರಿದಿರ್ಬೇಕು. ಹಗುರ ಕ್ಯೂ ಬಾಲ್‌ಗೆ ತಾಗಿ ತಾನೇ ಹಿಮ್ಮೆಟ್ಟುತ್ತೆ, ಭಾರದ್ದು ಮುಂದಕ್ಕೇ ನುಗ್ಗಿ ಬಾಲನ್ನ ಅದುಮಿಬಿಡುತ್ತೆ. ಅದಕ್ಕೇ ಜಂಪ್ ಕ್ಯೂ 8ರಿಂದ 10 ಔನ್ಸ್ ಒಳಗಿದ್ರೆ ಒಳ್ಳೇದು, ಬ್ರೇಕ್‌ಗೆ ಮಾತ್ರ 18-20 ಬೇಕು. ಹಾಗಾಗಿ ವೇಟ್ ಬೋಲ್ಟ್ (ತೂಕಕ್ಕೆ ಒಳಗೆ ಹಾಕೋ ಬೋಲ್ಟ್) ಪೂರ್ತಿ ಹಿಂದಿನ ಪೀಸಿಗೇ ಹಾಕಿಸಿ, ಮುಂದಿನ ಎರಡೂ ಸೇರಿ ಸುಮಾರು 9, ಹಿಂದಿನದು 10 ಬರೋ ಹಾಗೆ. ನಾನು ಮೊದಲ್ನೇ ಸಲ ಚೆಂದ ಕಾಣುತ್ತೆ ಅಂತ ಫೋರ್‌ಆರ್ಮ್‌ಗೆ (ಮಧ್ಯದ ಪೀಸಿಗೆ) ಭಾರದ ಎಬೊನಿ ಮರ ಹಾಕಿಸಿ, ಸ್ಟೀಲ್ ಜಾಯಿಂಟೂ ಸೇರಿ ಮುಂದಿನ ಭಾಗವೇ 12 ಔನ್ಸ್ ಆಯ್ತು, ಜಂಪ್ ಬರ್ಲೇ ಇಲ್ಲ, ಬೇಜಾರಾಗಿ ಆ ಪೀಸನ್ನ ಮೇಪಲ್‌ನಲ್ಲಿ ಮತ್ತೆ ಮಾಡಿಸ್ದೆ. ಉದ್ದದ್ದೂ ನೋಡ್ಕೊಳಿ, ವರ್ಲ್ಡ್ ಪೂಲ್-ಬಿಲಿಯರ್ಡ್ ಅಸೋಸಿಯೇಷನ್ ನಿಯಮದಲ್ಲಿ ಕ್ಯೂ 40 ಇಂಚಿಗಿಂತ ಗಿಡ್ಡ ಇರೋ ಹಾಗಿಲ್ಲ. ಶಾಫ್ಟ್ (ಟಿಪ್ ಇರೋ ಮುಂದಿನ ಪೀಸು) 29, ಫೋರ್‌ಆರ್ಮ್ 12, ಅಂದ್ರೆ 41 ಆಯ್ತು, ಟಿಪ್ ಸವೆದ್ರೂ ಭಯ ಇಲ್ಲ.

ನೇರ_ಹೊಡೆತ:
ಶಾಫ್ಟ್ ಬಗ್ಗೆ ಯಾರೂ ಹೇಳ್ಲಿಲ್ವಲ್ಲ. ಬ್ರೇಕ್‌ನಲ್ಲಿ ಜೋರಾಗಿ ಹೊಡೆಯುವಾಗ ಟಿಪ್ ಎಲ್ರಿಗೂ ಒಂಚೂರು ಪಕ್ಕಕ್ಕೆ ಬೀಳುತ್ತೆ. ಆದ್ರೆ ಬ್ರಿಡ್ಜ್ ಕೈ (ಕ್ಯೂಗೆ ಮುಂದೆ ಆಧಾರ ಕೊಡೋ ಕೈ) ಆ ಶಾಫ್ಟಿನ ಪಿವಟ್ ಪಾಯಿಂಟ್ ಅನ್ನೋ ಜಾಗದ ಮೇಲಿದ್ರೆ ಕ್ಯೂ ತಿರುಗಿದ ಕೋನನೂ ಬಾಲ್ ಎದುರು ದಿಕ್ಕಿಗೆ ಜಾರೋದೂ ಒಂದಕ್ಕೊಂದು ವಜಾ ಆಗಿ ಬಾಲ್ ನೇರವಾಗೇ ಹೋಗುತ್ತೆ. ಲೋ ಡಿಫ್ಲೆಕ್ಷನ್ (ಬಾಲನ್ನ ಪಕ್ಕಕ್ಕೆ ಕಡ್ಮೆ ಜಾರಿಸೋ) ಕಾರ್ಬನ್ ಶಾಫ್ಟಿಗೆ ಈ ಪಾಯಿಂಟ್ ತುಂಬಾ ಹಿಂದಿರುತ್ತೆ, ಗಟ್ಟಿ 13 ಎಂಎಂ ಮೇಪಲ್‌ಗೆ ಸಾಮಾನ್ಯವಾಗಿ ಕೈ ಹತ್ರಾನೇ ಬರುತ್ತೆ. ದುಡ್ಡು ಕೊಡೋಕೆ ಮುಂಚೆ ಒಂದ್ಸಲ ಟೆಸ್ಟ್ ಮಾಡಿ: ನೇರ ಗುರಿ ಇಟ್ಟು, ಹಿಂದಿನ ಕೈಯನ್ನ ಬೇಕಂತಲೇ ಸ್ವಲ್ಪ ಪಕ್ಕಕ್ಕೆ ಸರಿಸಿ ಬ್ರೇಕ್ ಸ್ಪೀಡಲ್ಲೇ ಹೊಡೀರಿ, ಬ್ರಿಡ್ಜ್ ಹಿಂದೆ ಮುಂದೆ ಮಾಡ್ತಾ ಬಾಲ್ ಎಲ್ಲಿಂದ ನೇರ ಹೋಗುತ್ತೆ ನೋಡಿ. ಆ ಅಳತೆ ನಿಮ್ ಮಾಮೂಲಿ ಬ್ರಿಡ್ಜ್‌ಗೆ ಹೊಂದಿದ್ರೆ ಅದೇ ನಿಮ್ ಶಾಫ್ಟು.

ಎಂಟನೇ_ಬಾಲ್:
ತುಂಬಾ ಥ್ಯಾಂಕ್ಸ್ ಇಬ್ರಿಗೂ, 41 ಇಂಚು ಫಿಕ್ಸ್. ಟಿಪ್ ಫಿನಾಲಿಕ್ (ಗಟ್ಟಿ ಪ್ಲಾಸ್ಟಿಕ್ ಥರದ್ದು) ಹಾಕಿಸ್ಲಾ?

ಮೇಪಲ್_ಪ್ರಿಯ:
ಜಂಪ್‌ಗೆ ಫಿನಾಲಿಕ್ ಬಿಟ್ರೆ ಇಲ್ಲ, ಗಟ್ಟಿ ಇರೋದ್ರಿಂದ ಶಕ್ತಿ ಪೋಲಾಗೋದು ಕಡ್ಮೆ. ಆದ್ರೆ ಚಾಕ್ ಸರಿಯಾಗಿ ಹಿಡಿಯಲ್ಲ, ಸ್ವಲ್ಪ ಆಚೀಚೆ ಆದ್ರೂ ಮಿಸ್‌ಕ್ಯೂ (ಟಿಪ್ ಬಾಲ್ ಮೇಲಿಂದ ಜಾರೋದು), ಮತ್ತೆ ಕೆಲವು ಟೂರ್ನಮೆಂಟಲ್ಲಿ ಬ್ರೇಕ್‌ಗೆ ಬಿಡಲ್ಲ. ಟೂರ್ನಮೆಂಟ್ ಆಡೋದಿದ್ರೆ ಪ್ರೆಸ್ ಮಾಡಿದ ಗಟ್ಟಿ ಲೆದರ್ ಹಾಕ್ಸಿ, ಜಂಪ್ ಸ್ವಲ್ಪ ಕಡ್ಮೆ ಬಂದ್ರೂ ಎರಡೂ ಆಗುತ್ತೆ.