ಮಿಷನ್‌ಗೆ ಹೋಗಿರೋ ತಂಗಿಗೆ ವಾರ ಕಳೆಯೋದೇ ಕಷ್ಟ ಆಗ್ತಿದೆ, ನಿಮ್ಮ ಅನುಭವ ಹೇಳ್ತೀರಾ?

ನಮಸ್ಕಾರ ಎಲ್ರಿಗೂ. ನನ್ನ ತಂಗಿಗೆ 20 ವರ್ಷ, ನಮ್ಮೂರು ಶಿವಮೊಗ್ಗ ಕಡೆ. ಯೇಸು ಕ್ರಿಸ್ತನ ಕಡೇ ದಿನಗಳ ಸಂತರ ಸಭೆಯಿಂದ (ಮಾರ್ಮನ್ ಅಂತಾರಲ್ಲ, ಅದೇ) 18 ತಿಂಗಳ ಮಿಷನ್‌ಗೆ, ಅಂದ್ರೆ ಮನೆ ಬಿಟ್ಟು ಹೋಗಿ ಸುವಾರ್ತೆ ಸಾರೋ ಸೇವೆಗೆ ಅಂತ ಬೆಂಗಳೂರಿಗೆ ಬಂದು ಐದು ವಾರ ಆಯ್ತು. ಸೋಮವಾರ ಸೋಮವಾರ ಫೋನ್ ಮಾಡ್ತಾಳೆ, "ಚೆನ್ನಾಗಿದೀನಿ ಅಕ್ಕ" ಅಂತಾಳೆ, ಆದ್ರೆ ದನಿ ಕೇಳಿದ್ರೇ ಗೊತ್ತಾಗುತ್ತೆ. ನಂಬಿಕೆ ವಿಷ್ಯದಲ್ಲಿ ಅವಳು ಗಟ್ಟಿ, ನನಗೆ ಅದರ ಚಿಂತೆ ಇಲ್ಲ. ದಿನಾ ದಿನಾ ಮನಸ್ಸಿಗೆ ಹಿತ ಕೊಡೋ ಸಣ್ಣಪುಟ್ಟ ಖುಷಿ ಏನಿರುತ್ತೆ ಅಲ್ಲಿ? ಹೋಗಿಬಂದವರು ಯಾರಾದ್ರೂ ಇದ್ರೆ ಹೇಳಿ, ಅವಳ ಹತ್ರ ಏನ್ ಮಾತಾಡ್ಲಿ ಅಂತಾನೇ ಗೊತ್ತಾಗ್ತಿಲ್ಲ.

•••

ಅಕ್ಕಾ, ಐದನೇ ವಾರ ಅಂದ್ರಲ್ಲ, ನನಗೂ ಅದೇ ಹೊತ್ತಲ್ಲೇ ತುಂಬಾ ಕಷ್ಟ ಆಗಿದ್ದು. ಮೊದಮೊದಲು ಎಲ್ಲಾ ಹೊಸದು, ಆಮೇಲೆ ಬೆಳಗ್ಗೆ ಆರೂವರೆಗೆ ಏಳು, ಓದು, ಪ್ಲಾನ್ ಮಾಡು, ಎರಡು ಬಸ್ ಬದಲಾಯಿಸಿ ಯಾರ ಮನೆಗೋ ಹೋಗು, ಅವರು ಬೀಗ ಹಾಕ್ಕೊಂಡು ಹೋಗಿರ್ತಾರೆ, ವಾಪಸ್ ಬಾ, ಇಷ್ಟೇ ಅನ್ಸೋಕೆ ಶುರುವಾಗುತ್ತೆ.

ನನ್ನ ಕೈ ಹಿಡಿದಿದ್ದು ಸೋಮವಾರ. ನಮಗೆ ಅದು ಪಿ-ಡೇ (ಪ್ರಿಪರೇಶನ್ ಡೇ), ಬಟ್ಟೆ ಒಗೆಯೋದು, ಸಾಮಾನು ತರೋದು, ಮನೆಗೆ ಫೋನ್ ಮಾಡೋದು, ಸಾಯಂಕಾಲದ ತನಕ ಹೊತ್ತು ನಮ್ಮದೇ. ಬಟ್ಟೆ ಒಗೆಯೋದ್ರಲ್ಲಿ ಏನಮ್ಮ ಖುಷಿ ಅನ್ಬೇಡಿ. ಟೆರೇಸ್ ಮೇಲೆ ಎರಡು ಬಕೆಟ್ ಇಟ್ಕೊಂಡು ನಾನು ಉಜ್ಜೋದು, ನನ್ನ ಕಂಪ್ಯಾನಿಯನ್, ಅಂದ್ರೆ ಮಿಷನ್‌ನಲ್ಲಿ ಜೊತೆಗಿರೋಳು, ಹಿಂಡೋದು, ಪಕ್ಕದ ಟೆರೇಸಲ್ಲಿ ಯಾರೋ ಸಂಡಿಗೆ ಹಾಕಿರ್ತಾರೆ, ಅವರು ಕಾಗೆ ಓಡಿಸೋಕೆ ನಮಗೆ ಹೇಳಿ ಒಳಗೆ ಹೋಗ್ತಾರೆ, ನಾವು ಒಂದು ಕೈಲಿ ಬಟ್ಟೆ ಒಂದು ಕೈಲಿ ಕಾಗೆ. ಆ ಒಂದು ಗಂಟೆಗೋಸ್ಕರ ಭಾನುವಾರ ರಾತ್ರಿಯಿಂದಾನೇ ಕಾಯ್ತಿದ್ದೆ ನಾನು.

ಕಂಪ್ಯಾನಿಯನ್ ವಿಶಾಖಪಟ್ಟಣದವಳು. ತೆಲುಗು ಲಿಪಿ ನಮ್ಮ ಲಿಪಿ ಹೆಚ್ಚುಕಮ್ಮಿ ಒಂದೇ ಥರ ಇದ್ಯಲ್ಲ, ಹಾಗಾಗಿ ಅರ್ಥ ಗೊತ್ತಿಲ್ದೇ ಇದ್ರೂ ಬಸ್ ಬೋರ್ಡು ಅಂಗಡಿ ಬೋರ್ಡೆಲ್ಲ ಕೂಡಿಸಿ ಕೂಡಿಸಿ ಓದ್ತಿದ್ಳು. ಒಂದು ಪುಟ್ಟ ನೋಟ್‌ಬುಕ್ ಇಟ್ಕೊಂಡು ದಿನಕ್ಕೊಂದು ಪದ, ಅದೂ ಹೊರಗಡೆ ಯಾರದ್ದಾದ್ರೂ ಬಾಯಿಂದ ಕೇಳಿದ್ದೇ ಆಗ್ಬೇಕು, ನಾನು ಹೇಳ್ಕೊಟ್ಟಿದ್ದು ಲೆಕ್ಕಕ್ಕಿಲ್ಲ. ಕಂಡಕ್ಟರ್ ಹತ್ರ "ಚಿಲ್ಲರೆ", ತರಕಾರಿಯವರ ಹತ್ರ "ಕೊಸರು". ಕೊಸರು ಅನ್ನೋ ಪದ ಸಿಕ್ಕಿದ ದಿನ ಅದನ್ನೇ ಕೇಳಿ ಎರಡು ಹಸಿಮೆಣಸಿನಕಾಯಿ ಜಾಸ್ತಿ ಹಾಕಿಸ್ಕೊಂಡು ಬಂದ್ಳು, ಆ ಮುಖ ನೀವು ನೋಡ್ಬೇಕಿತ್ತು! ಒಂದು ಸೋಮವಾರ ಎಂ.ಜಿ. ರೋಡಿಗೆ ಕರ್ಕೊಂಡು ಹೋಗಿ ಕಿಟೆಲ್ ಪ್ರತಿಮೆ ತೋರಿಸಿದೆ. ಅವರ ಸಭೆ ಬೇರೆ, ಬಾಸೆಲ್ ಮಿಷನ್ನವರು, ಆದ್ರೆ 1853ರಲ್ಲಿ ಜರ್ಮನಿ ಬಿಟ್ಟು ಇಲ್ಲಿಗೆ ಬಂದಾಗ ಅವರಿಗೂ ಬರೀ 21, ನಮ್ಮದೇ ವಯಸ್ಸು. ಹಾಗೇ ಪದ ಕೂಡಿಸ್ತಾ ಕೂಡಿಸ್ತಾ 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು, ಸುಮಾರು 70,000 ಪದ. ಇವಳು ನೋಟ್‌ಬುಕ್ ತೆಗೆದು ಎಣಿಸಿದ್ಳು, 43. ಅಲ್ಲೇ ನಿಂತ್ಕೊಂಡು ಪುಟ ಮೇಲೆ ನಂಬರ್ ಬರೆದ್ಳು. ಮನೆ ನೆನಪಾಗಿ ಅಳೋದು ಆಮೇಲೂ ಇತ್ತು, ಇಬ್ಬರಿಗೂ. ಆದ್ರೆ ಹೊರಗೆ ಹೊರಟಾಗ ಇವತ್ತು ಯಾವ ಪದ ಸಿಗುತ್ತೆ ಅನ್ನೋದೂ ಜೊತೇಲಿ ಇರ್ತಿತ್ತು.

ಇನ್ನೊಂದು, ಬಸವನಗುಡಿ ಕಡ್ಲೆಕಾಯಿ ಪರಿಷೆ ಕಾರ್ತಿಕದ ಕೊನೇ ಸೋಮವಾರ, ಪಿ-ಡೇ ದಿನಾನೇ! ಬೇಯಿಸಿದ್ದು ಹುರಿದಿದ್ದು ಎರಡೂ ತಗೊಂಡು ಜನರ ಮಧ್ಯೆ ಸುಲಿದು ತಿಂತಾ ನಡೀಬೇಕು. ನಿಮ್ಮ ತಂಗಿಗೆ ಈಗಲೇ ಹೇಳಿಡಿ.

•••

ನಾನು ಎಲ್ಡರ್ ಆಗಿ (ಮಿಷನ್‌ಗೆ ಹೋಗೋ ಹುಡುಗರನ್ನ ಹಾಗೇ ಕರೆಯೋದು) 2014ರಿಂದ ಎರಡು ವರ್ಷ ಇದ್ದೆ. ಆಗ ಮನೆಗೆ ಫೋನ್ ಅಂದ್ರೆ ವರ್ಷಕ್ಕೆ ಎರಡೇ ಸಲ, ಕ್ರಿಸ್ಮಸ್‌ಗೆ ಮತ್ತೆ ತಾಯಂದಿರ ದಿನಕ್ಕೆ. ಮಿಕ್ಕಿದ್ದೆಲ್ಲ ಸೈಬರ್ ಸೆಂಟರಲ್ಲಿ ಕೂತ್ಕೊಂಡು ವಾರಕ್ಕೊಂದು ಮೇಲ್. ವಾರಾವಾರ ಫೋನ್ ಮಾಡ್ಬಹುದು ಅಂತ ಆಗಿದ್ದು 2019ರ ಫೆಬ್ರವರಿಯಲ್ಲಿ, ಅದಕ್ಕೇ ಹೇಳ್ತೀನಿ ಸಿಸ್ಟರ್, ಆ ಸೋಮವಾರದ ಫೋನನ್ನ "ಹೇಗಿದೀಯಾ, ಊಟ ಆಯ್ತಾ, ಧೈರ್ಯವಾಗಿರು" ಅನ್ನೋದ್ರಲ್ಲಿ ಮುಗಿಸ್ಬೇಡಿ. ನಮ್ಮಮ್ಮ ಮೇಲಲ್ಲಿ ತಮ್ಮನ ಕೈಲಿ ಬರೆಸೋರು, ಎಮ್ಮೆ ಕರು ಹಾಕ್ತು, ಪಕ್ಕದ್ಮನೆಯವರು ಬೋರ್ ಕೊರೆಸಿದ್ರು ನೀರು ಬರ್ಲಿಲ್ಲ, ಇಂಥದ್ದೇ. ಉಪದೇಶ ಒಂದೂ ಇರ್ತಿರ್ಲಿಲ್ಲ. ಪ್ರಿಂಟ್ ತಗೊಂಡು ಗುರುವಾರದ ತನಕ ಓದ್ತಿದ್ದೆ.

ಆಮೇಲೆ ಲಾಲ್‌ಬಾಗ್ ಬಂಡೆ. ಕೆಂಪೇಗೌಡರ ಗೋಪುರ ಇರೋದು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ನಮ್ಮ ಮಾತು ಯಾರೂ ಕೇಳ್ದೇ ಇರೋ ವಾರ ಅದರ ಮೇಲೆ ಹೋಗಿ ಸುಮ್ನೆ ಕೂತ್ಕೊಳ್ತಿದ್ವಿ, ಬಿಸಿಲು ಇಳಿದ್ಮೇಲೆ ಕಲ್ಲು ಇನ್ನೂ ಬೆಚ್ಚಗಿರುತ್ತೆ, ಅಂಗೈ ಊರಿ ಕೂತ್ರೆ ಸಾಕು.

•••

ಕಾಫಿ ಟೀ ನಮ್ಮ ಸಭೇಲಿ ಕುಡಿಯೋ ಹಾಗಿಲ್ಲ, ಬೆಂಗಳೂರಲ್ಲಿ ದರ್ಶಿನಿ ಮುಂದೆ ಹಾದುಹೋಗ್ವಾಗ ಘಮ ಎಳೆಯುತ್ತೆ, ನಿಜ. ಬಿಸಿ ಬಾದಾಮಿ ಹಾಲು ತಗೊಳೋಕೆ ಹೇಳಿ, ಎಲ್ಲರ ಜೊತೆ ಅದೇ ಕಲ್ಲಿನ ಟೇಬಲ್ ಹತ್ರ ನಿಂತ್ಕೊಂಡು ಕುಡೀಬೇಕು, ಅದೇ ಮುಖ್ಯ.

•••

ನಾನು ಮಿಷನ್‌ಗೆ ಹೋದವಳಲ್ಲಮ್ಮ, ಆ ಮಕ್ಕಳಿಗೆ ಊಟ ಹಾಕೋಳು. ತಿಂಗಳ ಮೊದಲನೇ ಭಾನುವಾರ ಎಲ್ರೂ ಉಪವಾಸ ಇರ್ತೀವಲ್ಲ, ಬಿಡೋ ಹೊತ್ತಿಗೆ ನಮ್ಮನೇಗೆ ಬರ್ತಾರೆ. ಅವರೇಕಾಯಿ ಕಾಲದಲ್ಲಿ ಹಿಂದಿನ ದಿನಾನೇ ಕಾಳು ನೆನೆಹಾಕಿಟ್ಟಿರ್ತೀನಿ, ಬಂದ ತಕ್ಷಣ ಪಾತ್ರೆ ಮುಂದಿಟ್ಟು ಹಿಸುಕ್ರಮ್ಮ ಅಂತೀನಿ. ಅತಿಥಿ ಥರ ಸೋಫಾ ಮೇಲೆ ಕೂರಿಸಿದ್ರೆ ಮಾತೇ ಆಡಲ್ಲ ಅವು. ಕೈಗೆ ಕೆಲಸ ಕೊಟ್ಟು ನೆಲದ ಮೇಲೆ ಕೂರಿಸಿದ್ರೆ ನೋಡಿ, ಬೇಳೆ ಪುಸುಕ್ ಅಂತ ಹಾರುತ್ತೆ, ನಗ್ತಾವೆ, ತಮ್ಮ ಮನೆ ಕಥೆ ಎಲ್ಲಾ ಹೊರಗೆ ಬರುತ್ತೆ. ಹಿಸುಕಿದ ಬೇಳೆ ಸಾರು, ಮುದ್ದೆ. ಮುದ್ದೆ ಕಂಡೇ ಇರದ ಒಬ್ಬ ಹುಡುಗಿ ಅಗೀತಾ ಕೂತಿದ್ಳು, ನುಂಗೋದು ಕಲಿಸೋಕೆ ಮೂರು ಭಾನುವಾರ ಹಿಡೀತು. ನಿಮ್ಮ ತಂಗಿ ಯಾರ ಮನೇಗಾದ್ರೂ ಊಟಕ್ಕೆ ಹೋದ್ರೆ ಅಡಿಗೆಮನೆಗೆ ನುಗ್ಗೋಕೆ ಹೇಳಮ್ಮ, ಸಂಕೋಚ ಬೇಡ.

•••

ಮೊದಲು ಉತ್ತರ ಬರೆದವಳೇ ಮತ್ತೆ. ಆಂಟಿ ಹೇಳಿದ್ದು ಓದಿ ನೆನಪಾಯ್ತು. ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್ ಸುದ್ದಿ ಬರುತ್ತೆ, ಹೋಗ್ಬೇಕಾಗಬಹುದು ಇರಬಹುದು. ನಾನು ಆ ಏರಿಯಾ ಬಿಡೋ ರಾತ್ರಿ ಮುಂದೆ ಬರೋರಿಗೆ ಅಂತ ಒಂದು ಹಾಳೆ ಬರೆದಿಟ್ಟೆ. ಎಳನೀರು ಅಣ್ಣಂಗೆ ಮಂಡಿ ನೋವು, ವಿಚಾರಿಸಿ. ಕಟ್ಟೆ ಹತ್ರ ಕಂದು ನಾಯಿ ಬೊಗಳುತ್ತೆ, ಕಚ್ಚಲ್ಲ. ಟೆರೇಸ್ ಮೇಲಿನ ನಲ್ಲಿ ಎಡಕ್ಕೆ ತಿರುಗಿಸಿದ್ರೆ ನೀರು ಬರುತ್ತೆ. ಬರೀತಾ ಬರೀತಾ ಎರಡೂ ಮಗ್ಗಲು ತುಂಬಿಹೋಯ್ತು. ಬಂದಾಗ ಒಬ್ಬರೂ ಗೊತ್ತಿಲ್ಲ ಅಂತ ಅತ್ತಿದ್ದ ಊರು ಅದು.

•••

ಎಲ್ರಿಗೂ ತುಂಬಾ ಥ್ಯಾಂಕ್ಸ್, ಎರಡೆರಡು ಸಲ ಓದಿದೆ. ನಿನ್ನೆ ಸೋಮವಾರ ಫೋನ್ ಬಂತು. ಈ ಸಲ ಹೇಗಿದೀಯಾ ಅಂತ ಕೇಳ್ಲೇ ಇಲ್ಲ, ನಮ್ಮ ಬೆಕ್ಕು ಅಟ್ಟದ ಮೇಲೆ ಮರಿ ಹಾಕಿರೋದು ಹೇಳಿ, ಅಲ್ಲಿ ನಿಮ್ಮ ಬೀದೀಲಿ ಯಾರ್ಯಾರು ಗೊತ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದ್ಳು. ಆಮೇಲೆ ಸೊಪ್ಪಿನ ಅಜ್ಜಿ ಒಬ್ರು ಇದಾರೆ ಅಕ್ಕ, ನಾವು ತಗೊಳ್ಳಿ ಬಿಡ್ಲಿ ದಿನಾ ಕೂಗಿ ಮಾತಾಡಿಸ್ತಾರೆ, ನಮ್ಮ ಮಲೆನಾಡಿನ ಮಾತು ಕೇಳೋಕೆ ಚೆಂದ ಅಂತಾರೆ ಅಂತ ಶುರು ಮಾಡಿದವಳು ಇಪ್ಪತ್ತು ನಿಮಿಷ ನಿಲ್ಲಿಸ್ಲಿಲ್ಲ. ನಾನು ಹೂಂಗುಟ್ಟುತ್ತಾ ಕೂತಿದ್ದೆ. ಆಮೇಲೆ ಅವಳೇ, "ಅಕ್ಕ ಮೋಡ ಆಗ್ತಿದೆ, ಬಟ್ಟೆ ಎಲ್ಲಾ ಮೇಲಿದೆ, ಇಡ್ತೀನಿ" ಅಂತ ಓಡಿದ್ಳು.