ಓದೋಕೆ ಸರ್ಕಾರ ದುಡ್ಡು ಕೊಡ್ತು, ಬರೆಯೋರ ಬಿಲ್ ಯಾರು ಕಟ್ಟಬೇಕು?

ಸುಮಾ: ಮೊನ್ನೆ ನನ್ನ ಮೊದಲ ಸಂಶೋಧನಾ ಪೇಪರ್ ಒಂದು ಜರ್ನಲ್‌ನಲ್ಲಿ ಅಕ್ಸೆಪ್ಟ್ ಆಯ್ತು. ಖುಷಿ ಅರ್ಧ ಗಂಟೆ ಇರಲಿಲ್ಲ, ಪ್ರಕಾಶಕರಿಂದ ಇನ್ನೊಂದು ಮೇಲ್. ಎಲ್ಲರೂ ಪುಕ್ಕಟೆ ಓದೋ ಹಾಗೆ ಬೇಕಾದ್ರೆ 3,200 ಡಾಲರ್ ಕಟ್ಟಬೇಕಂತೆ. ನನ್ನ ಜೆಆರ್‌ಎಫ್, ಅಂದ್ರೆ ಪಿಎಚ್‌ಡಿ ಮಾಡೋರಿಗೆ ಕೊಡೋ ಫೆಲೋಶಿಪ್, ತಿಂಗಳಿಗೆ 37,000 ರೂಪಾಯಿ. ಏಳು ತಿಂಗಳು ಉಪವಾಸ ಇದ್ರೂ ಸಾಲಲ್ಲ.

ಲೈಬ್ರರಿ ರಾಯರು: ಕಟ್ಟಬೇಡಮ್ಮ. ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಇದೆಯಲ್ಲ, ಜರ್ನಲ್‌ಗಳ ಚಂದಾ ಕೇಂದ್ರ ಸರ್ಕಾರವೇ ಕಟ್ಟೋ ಯೋಜನೆ. 2025ರಿಂದ ಮೂರು ವರ್ಷಕ್ಕೆ 6,000 ಕೋಟಿ, ಸುಮಾರು 13,000 ಜರ್ನಲ್. ದೇಶದೊಳಗಿನವರು ಹೇಗೂ ಓದ್ತಾರೆ.

ಹಾವೇರಿ ಮೇಷ್ಟ್ರು: ಯಾರು ಓದ್ತಾರ್ರೀ ಸರ? ಸರ್ಕಾರಿ ಸಂಸ್ಥೆಯವರು ಓದ್ತಾರ. ನಮ್ದು ಖಾಸಗಿ ಕಾಲೇಜು, ಈ ಪಟ್ಟಿಯೊಳಗ ಇಲ್ಲ. ನಮ್ಮ ಎಂಎಸ್ಸಿ ಹುಡುಗರು ಪೇಪರ್‌ನ ಅಬ್‌ಸ್ಟ್ರಾಕ್ಟ್ ಅಂದ್ರ ಸಾರಾಂಶ ಅಷ್ಟೇ ಓದಿ ಸೆಮಿನಾರ್ ಕೊಡ್ತಾರ.

ಲ್ಯಾಬ್‌ಹುಳ: ಬರೆಯೋರು ನಾವು, ಬೇರೆಯವರ ಪೇಪರ್ ಸರಿ ಇದೆಯಾ ಅಂತ ರಿವ್ಯೂ ಮಾಡೋರೂ ನಾವೇ, ಅದೂ ಬಿಟ್ಟಿ. ಕೊನೆಗೆ ಕೊಳ್ಳೋರೂ ನಾವೇ. ಹಾಲು ಕರೆದು ಡೇರಿಗೆ ಹಾಕಿ ಅದೇ ಹಾಲನ್ನ ಪ್ಯಾಕೆಟ್‌ನಲ್ಲಿ ತಂದ ಹಾಗೆ. ಡೇರಿಯವರಾದ್ರೂ ಕರೆದವನಿಗೆ ದುಡ್ಡು ಕೊಡ್ತಾರೆ! 2023ರಲ್ಲಿ ಮಿದುಳಿನ ಸಂಶೋಧನೆಯ ಜರ್ನಲ್ ‘ನ್ಯೂರೋಇಮೇಜ್’ ಸಂಪಾದಕರು ಒಂದು ಪೇಪರ್‌ಗೆ 3,450 ಡಾಲರ್ ಶುಲ್ಕ ತೀರಾ ಅತಿಯಾಯ್ತು ಅಂತ ಒಟ್ಟಿಗೆ ರಾಜೀನಾಮೆ ಬಿಸಾಕಿ ಬೇರೆ ಜರ್ನಲ್ ಕಟ್ಟಿದ್ರು. ನಾವ್ಯಾಕೆ ಸುಮ್ನಿದ್ದೀವಿ?

ಸುಮಾ: ಅವರಿಗೆ ಕೆಲಸ ಗಟ್ಟಿ ಇತ್ತು ಅಣ್ಣ. ನಾನು ನಾಳೆ ಇಂಟರ್‌ವ್ಯೂಗೆ ಹೋದ್ರೆ ಮೊದಲು ನೋಡೋದೇ ಜರ್ನಲ್ ಹೆಸರು. ಹೊಸ ಜರ್ನಲ್‌ಗೆ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದ್ರೆ ಅದರ ಪೇಪರ್‌ಗಳನ್ನ ಬೇರೆಯವರು ಎಷ್ಟು ಉಲ್ಲೇಖಿಸ್ತಾರೆ ಅನ್ನೋ ಅಂಕ, ಎಲ್ಲಿಂದ ತರ್ಲಿ?

ಲೈಬ್ರರಿ ರಾಯರು: ಆ ಹೆಸರಿಗೇ ಬೆಲೆ ಕಟ್ಟಿರೋದು, ಕಾಗದಕ್ಕಲ್ಲ. ‘ನೇಚರ್’ನವರು 2020ರಲ್ಲಿ ಒಂದು ಪೇಪರ್‌ಗೆ 9,500 ಯೂರೋ ಅಂತ ಹೇಳಿದ್ದೂ ಅದೇ ಧೈರ್ಯದ ಮೇಲೆ. ನಮ್ಮಲ್ಲೇ ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ‘ರೆಸೊನೆನ್ಸ್’ ಇದೆ, ಅವರ ಜಾಲತಾಣದಲ್ಲಿ ಯಾರು ಬೇಕಾದ್ರೂ ಪುಕ್ಕಟೆ ಓದಬಹುದು. ಇರಲಿ. ಸುಮಾ, ಇನ್ನೊಂದು ದಾರಿ ಇದೆ. ಅಕ್ಸೆಪ್ಟ್ ಆದ ಕರಡನ್ನ, ಪ್ರಕಾಶಕರು ಪುಟ ಕಟ್ಟೋ ಮೊದಲಿನದನ್ನ, ನಿಮ್ಮ ಸಂಸ್ಥೆಯ ರೆಪಾಸಿಟರಿಗೆ, ಅಂದ್ರೆ ಯಾರು ಬೇಕಾದ್ರೂ ಓದೋ ಆನ್‌ಲೈನ್ ಸಂಗ್ರಹಕ್ಕೆ, ಹಾಕು. ಟಾಟಾ ಇನ್‌ಸ್ಟಿಟ್ಯೂಟ್‌ನವರು, ಅದೇ ಐಐಎಸ್ಸಿಯವರು, 2002ರಿಂದ ಇದನ್ನ ಮಾಡ್ತಿದ್ದಾರೆ. ಪ್ರಕಾಶಕರ ಜೊತೆಗಿನ ಒಪ್ಪಂದದಲ್ಲಿ ಹಾಗೆ ಹಾಕೋಕೆ ಎಷ್ಟು ತಿಂಗಳು ಕಾಯಬೇಕು ಅಂತಿದೆ, ಮೊದಲು ನೋಡು.

ಸುಮಾ: ನೋಡ್ದೆ ಸರ್, 12 ತಿಂಗಳು. ಕರಡು ‘ಫೈನಲ್_ನಿಜವಾಗ್ಲೂ_ಫೈನಲ್’ ಅನ್ನೋ ಫೈಲ್‌ನಲ್ಲಿದೆ 😄

ಲ್ಯಾಬ್‌ಹುಳ: ಒಂದು ವರ್ಷದಲ್ಲಿ ಆ ಫಲಿತಾಂಶ ಹಳಸಿರುತ್ತೆ.

ಹಾವೇರಿ ಮೇಷ್ಟ್ರು: ನಿಮಗ ಹಳಸಿರಬಹುದು. ನಮಗ ಅದೂ ಸಿಕ್ಕಿಲ್ಲ. ಹಾಕಿದ ಮ್ಯಾಲೆ ಲಿಂಕ್ ಕಳಸ್ರಿ ಸುಮಾ ಅವ್ರ.