ಮಗಳಿಗೆ ಸೈಕಿಯಾಟ್ರಿಸ್ಟ್ ಬೇಕು, ಸಿಕ್ಕಿದವರು ಇನ್ಶೂರೆನ್ಸ್ ತಗೊಳ್ಳಲ್ಲ. ಏನ್ಮಾಡ್ಲಿ?

ತೀರ್ಥಹಳ್ಳಿ – ಬಾಸ್ಟನ್
ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಹೊರದೇಶದಲ್ಲಿರೋ ಮಲೆನಾಡಿನವರ ಈ ಗುಂಪಿನಲ್ಲಿದ್ದೀನಿ, ಬರೀತಿರೋದು ಇದೇ ಮೊದಲು. ಮಗಳಿಗೆ 14. ಸೆಪ್ಟೆಂಬರ್‌ನಲ್ಲಿ ಸ್ಕೂಲ್ ಶುರುವಾದಾಗಿಂದ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತುಬಿಡ್ತಾಳೆ. ಒಂದು ಕಾಲಿಗೆ ಶೂ ಹಾಕಿ ಲೇಸ್ ಕಟ್ಟಿರ್ತಾಳೆ, ಇನ್ನೊಂದು ಶೂ ಕೈಯಲ್ಲೇ ಇರುತ್ತೆ. ಬಸ್ಸು ಬಂದು ನಿಂತು ಹೋಗುತ್ತೆ, ಅವಳು ಏಳಲ್ಲ. ಎದೆ ಹೊಡ್ಕೊಳ್ಳುತ್ತೆ, ಆಗಲ್ಲಮ್ಮ ಅಂತಾಳೆ. ಊಟ ಸೇರ್ತಿಲ್ಲ. ಸೈಕಿಯಾಟ್ರಿಸ್ಟ್‌ಗೆ ತೋರಿಸಿ ಅಂತ ಸ್ಕೂಲಿನ ಕೌನ್ಸೆಲರ್ ಹೇಳಿದ್ರು.
ಇನ್ಶೂರೆನ್ಸ್‌ನವರ ಪಟ್ಟಿ ಹಿಡ್ಕೊಂಡು 11 ಕಡೆ ಫೋನ್ ಮಾಡಿದೆ. ಮೂರು ನಂಬರ್ ಚಾಲ್ತಿಯಲ್ಲೇ ಇಲ್ಲ. ಇಬ್ಬರು ಮಕ್ಕಳನ್ನ ನೋಡಲ್ಲ. ಉಳಿದವರಲ್ಲಿ ದಿನ ಕೊಟ್ಟದ್ದು ಒಬ್ಬರೇ, ಅದೂ ಐದು ತಿಂಗಳಾದ ಮೇಲೆ. ಹತ್ತಿರದಲ್ಲೇ ಇನ್ನೊಬ್ಬ ಡಾಕ್ಟರು ಮುಂದಿನ ವಾರವೇ ಬನ್ನಿ ಅಂತಾರೆ, ಆದ್ರೆ ಇನ್ಶೂರೆನ್ಸ್ ತಗೊಳ್ಳಲ್ಲ. ಮೊದಲ ಸಲ 550 ಡಾಲರ್, ಆಮೇಲೆ ಸಲಕ್ಕೆ 250. ಒಬ್ಬರ ಸಂಬಳದ ಮನೆ ನಮ್ಮದು. ಇಂಥವರ ಹತ್ರ ಹೋಗಬಹುದಾ? ಇನ್ಶೂರೆನ್ಸ್ ಬೇಡ ಅನ್ನೋರು ಅಂದ್ರೆ ಅನುಮಾನ ಪಡಬೇಕಾ? ನಮ್ಮದು ಪಿಪಿಓ ಪ್ಲಾನ್, ಅಂದ್ರೆ ಪಟ್ಟಿಯ ಹೊರಗಿನ ಡಾಕ್ಟರ ಹತ್ರ ಹೋದ್ರೂ ಒಂದಷ್ಟು ಕೊಡೋ ಥರದ್ದು.

ಸಾಗರ – ಡಲ್ಲಾಸ್
ಈ ವಯಸ್ಸಲ್ಲಿ ಎಲ್ಲಾ ಮಕ್ಕಳೂ ಹೀಗೇ. ನಮ್ಮ ಮಗನನ್ನ ಈಜಿಗೆ ಹಾಕಿದ್ವಿ, ತಾನೇ ಸರಿಹೋದ. ಈಗ ಇಂಜಿನಿಯರಿಂಗ್ ಎರಡನೇ ವರ್ಷ, ಪೂರ್ತಿ ಸ್ಕಾಲರ್‌ಶಿಪ್. ಭರತನಾಟ್ಯಕ್ಕೆ ಸೇರಿಸಿ ನೋಡಿ.

ಶಿವಮೊಗ್ಗ – ನ್ಯೂಜೆರ್ಸಿ
ಹನ್ನೆರಡು ವರ್ಷದಿಂದ ಕ್ಲಿನಿಕ್ ಒಂದರಲ್ಲಿ ಬಿಲ್ಲಿಂಗ್ ಕೆಲಸ ಮಾಡ್ತಿದ್ದೀನಿ, ಗೊತ್ತಿರೋದು ಹೇಳ್ತೀನಿ. ಅನುಮಾನ ಬೇಡ. 2009–10ರ ಲೆಕ್ಕದಲ್ಲೇ ಖಾಸಗಿ ಇನ್ಶೂರೆನ್ಸ್ ತಗೊಳ್ತಿದ್ದ ಸೈಕಿಯಾಟ್ರಿಸ್ಟರು ನೂರಕ್ಕೆ 55, ಬೇರೆ ಡಾಕ್ಟರು ನೂರಕ್ಕೆ 89. ಮುಕ್ಕಾಲು ಗಂಟೆ ಕೂತು ಮಾತಾಡಿಸಿದ್ದಕ್ಕೆ ಕಂಪನಿ ಕೊಡೋದು ಕಡಿಮೆ, ಕಾಗದಪತ್ರ ಜಾಸ್ತಿ. ಒಬ್ಬರೇ ಕ್ಲಿನಿಕ್ ನಡೆಸೋರು ಬೇಸತ್ತು ಬಿಟ್ಟಿರ್ತಾರೆ.
ಆ 11 ಫೋನುಗಳನ್ನ ತಾರೀಖು, ಸಿಕ್ಕ ಉತ್ತರ ಸಮೇತ ಬರೆದಿಡಿ. ಅದೇ ನಿಮ್ಮ ಆಯುಧ. ಇನ್ಶೂರೆನ್ಸ್‌ಗೆ ಫೋನ್ ಮಾಡಿ, ನಿಮ್ಮ ಪಟ್ಟಿಯಲ್ಲಿ ಯಾರೂ ಸಿಗ್ತಿಲ್ಲ, ನೆಟ್‌ವರ್ಕ್ ಗ್ಯಾಪ್ ಎಕ್ಸೆಪ್ಶನ್ ಕೊಡಿ ಅಂತ ಕೇಳಿ. ಒಪ್ಪಿದ್ರೆ ಹೊರಗಿನ ಡಾಕ್ಟರಿಗೂ ಒಳಗಿನವರ ದರದಲ್ಲೇ ಲೆಕ್ಕ ಹಾಕ್ತಾರೆ. ಒಪ್ಪದಿದ್ರೂ ಪಿಪಿಓದಲ್ಲಿ ಹೊರಗಿನವರಿಗೆ ಬೇರೆ ಡಿಡಕ್ಟಬಲ್ (ಮೊದಲು ನಾವೇ ಕೈಯಿಂದ ಕಟ್ಟಬೇಕಾದ ಮೊತ್ತ) ಇರುತ್ತೆ, ಅದು ಮುಗಿದ ಮೇಲೆ ಒಂದಷ್ಟು ವಾಪಸ್ ಬರುತ್ತೆ. ಡಾಕ್ಟರಿಂದ ಸೂಪರ್‌ಬಿಲ್, ಅಂದ್ರೆ ಇನ್ಶೂರೆನ್ಸ್‌ಗೆ ಕಳಿಸೋಕೆ ಭೇಟಿಯ ವಿವರ, ಕೋಡ್ ಇರೋ ರಸೀದಿ ಇಸ್ಕೊಳ್ಳಿ. ಮೊದಲ ಭೇಟಿಗೆ ಸಾಮಾನ್ಯವಾಗಿ 90792, ಆಮೇಲಿನದಕ್ಕೆ 99214 ಥರದ ಕೋಡ್ ಇರುತ್ತೆ. ಒಂದು ಎಚ್ಚರ: ಶೇಕಡಾ 70 ಕೊಡ್ತೀವಿ ಅಂದ್ರೆ 550ರಲ್ಲಿ 70 ಅಲ್ಲ, ಅವರು ಒಪ್ಪಿದ ದರದಲ್ಲಿ 70. ಅವರ ದರ 300 ಆಗಿದ್ರೆ ಕೈಗೆ ಬರೋದು 210. ಆ ದರ ಎಷ್ಟು ಅಂತ ಕೋಡ್ ಹೇಳಿ ಮೊದಲೇ ಕೇಳಿ. ಎಚ್‌ಎಸ್‌ಎ (ಚಿಕಿತ್ಸೆಗೆ ಅಂತ ತೆರಿಗೆ ಇಲ್ಲದೆ ಕೂಡಿಡೋ ಖಾತೆ) ದುಡ್ಡಿದ್ರೆ ಇದಕ್ಕೆ ಬಳಸಬಹುದು.

ಹೊಸನಗರ – ಮಿಷಿಗನ್
ಬಿಲ್ಲು, ಕೋಡು ಅಂತ ಬರೀತಿದ್ದೀರಿ. ಬುಡ ಒಣಗ್ತಿರುವಾಗ ಎಲೆಗೆ ನೀರು ಚಿಮುಕಿಸಿದ ಹಾಗಾಯ್ತು. ಈ ದೇಶಕ್ಕೆ ಬಂದು 31 ವರ್ಷ ಆಯ್ತು, ಎರಡು ಮಕ್ಕಳನ್ನ ದಡ ಮುಟ್ಟಿಸಿದ್ದೀನಿ, ಅದಕ್ಕೇ ಹೇಳೋದು. ಮಗುಗೆ ಕಾಯಿಲೆ ಇಲ್ಲ, ಒಂಟಿತನ. ಊರಿಗೆ ಕಳಿಸಿ. ಈಗ ಅಡಿಕೆ ಕೊಯ್ಲು, ಚಪ್ಪರದ ತುಂಬ ಜನ, ರಾತ್ರಿ ಹನ್ನೊಂದರವರೆಗೆ ಸುಲಿಯೋರ ಮಾತು, ನಗು. ಅಜ್ಜಿ ಪಕ್ಕ ಎರಡು ತಿಂಗಳು ಮಲಗಲಿ, ಎದೆ ಹೊಡ್ಕೊಳ್ಳೋದು ತಾನೇ ನಿಲ್ಲುತ್ತೆ. ಮಾತ್ರೆ ಒಮ್ಮೆ ಶುರುವಾದ್ರೆ ಜೀವನಪೂರ್ತಿ ಬಿಡೋಕಾಗಲ್ಲ, ನೆನಪಿರಲಿ.

ಕೊಪ್ಪ – ಸಿಯಾಟಲ್
ನೂರಕ್ಕೆ ನೂರು ನಿಜ ಅಣ್ಣ. ನಮ್ಮ ಕಾಲದಲ್ಲಿ ನಾಲ್ಕು ಮೈಲಿ ಮಳೆಯಲ್ಲಿ ನಡೆದು ಶಾಲೆಗೆ ಹೋಗ್ತಿದ್ವಿ, ಎಂತ ಆಂಗ್ಸೈಟಿ? ಡಾಕ್ಟರೇ ಬೇಕಂದ್ರೆ ಶಿವಮೊಗ್ಗದಲ್ಲಿ ಒಳ್ಳೊಳ್ಳೆಯವರಿದ್ದಾರೆ, ವಿಡಿಯೋದಲ್ಲೇ ನೋಡ್ತಾರೆ, ಸಾವಿರ ರೂಪಾಯಿಯಲ್ಲಿ ಮುಗಿಯುತ್ತೆ.

ಸಾಗರ – ಡಲ್ಲಾಸ್
ಹೊಸನಗರದವರು ಸರಿಯಾಗಿ ಹೇಳಿದ್ರಿ. 2023ರಿಂದ ಶಿವಮೊಗ್ಗಕ್ಕೇ ವಿಮಾನ ಇದೆ, ಬೆಂಗಳೂರಿಂದ ಮಗು ಸುಲಭವಾಗಿ ಹೋಗ್ತಾಳೆ. ಡಿಸೆಂಬರ್ ಟಿಕೆಟ್ ಯಾರಾದ್ರೂ ನೋಡಿದ್ದೀರಾ?

ಶೃಂಗೇರಿ – ಟೊರಾಂಟೊ
ನಮ್ಮ ಚಿಕ್ಕಪ್ಪನೂ ಅದೇ ಅಡಿಕೆ ಚಪ್ಪರದ ಕೆಳಗೆ ಬೆಳೆದೋರು ಮಾರಾಯ್ರೆ. ಮನೆ ತುಂಬ ಜನ. ಹತ್ತೊಂಬತ್ತಕ್ಕೆ ಮಾತು ಬಿಟ್ರು, ರಾತ್ರಿಯೆಲ್ಲ ಅಂಗಳ ಸುತ್ತೋರು. ಅಂಜನ ಹಾಕಿಸಿದ್ರು, ತಾಯಿತ ಕಟ್ಟಿಸಿದ್ರು, ಚೌಡಿಗೆ ಹರಕೆ ಹೊತ್ರು. ಆರು ವರ್ಷ ಅಡಿಕೆ ಮೂಟೆ ಇಡೋ ಕೋಣೆಯಲ್ಲೇ ಇದ್ರು. ಬಾಗಿಲ ಕೆಳಗಿಂದ ತಟ್ಟೆ ಒಳಗೆ ತಳ್ಳುತ್ತಿದ್ದದ್ದು ನಾನು, ನನಗಾಗ ಎಂಟು ವರ್ಷ. ಕೊನೆಗೆ ಅಪ್ಪ ರಾತ್ರಿ ಬಸ್ಸಲ್ಲಿ ನಿಮ್ಹಾನ್ಸ್‌ಗೆ ಕರ್ಕೊಂಡು ಹೋದ್ರು. ಔಷಧಿ ಶುರುವಾಗಿ ಆರು ತಿಂಗಳಿಗೆ ಚಿಕ್ಕಪ್ಪ ಜಗಲಿಯಲ್ಲಿ ಕೂತು ರಾಶಿ, ಬೆಟ್ಟೆ ಅಂತ ಅಡಿಕೆ ಬೇರೆ ಮಾಡ್ತಿದ್ರು. ಆ ಆರು ವರ್ಷ ಯಾರು ವಾಪಸ್ ಕೊಟ್ರು? ಜನ ಸುತ್ತ ಇದ್ರೆ ಸಾಕು ಅಂತ ನಾವೂ ನಂಬಿದ್ವಿ.

ಹೊಸನಗರ – ಮಿಷಿಗನ್
ಅದು ಹುಚ್ಚು, ಇದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ನಾನು ಹೇಳ್ತಿರೋದು ಬೇರಿನ ವಿಷಯ. ಮನೆಯಲ್ಲಿ ಕನ್ನಡ ಮಾತಾಡೋ ಮಕ್ಕಳಿಗೆ ಈ ತೊಂದರೆ ಬರಲ್ಲ.

ಶೃಂಗೇರಿ – ಟೊರಾಂಟೊ
ಚಿಕ್ಕಪ್ಪ ಕನ್ನಡ ಬಿಟ್ಟು ಬೇರೆ ಭಾಷೆ ಆಡಿದವರಲ್ಲ.

ಶಿವಮೊಗ್ಗ – ನ್ಯೂಜೆರ್ಸಿ
ದಯವಿಟ್ಟು ಒಂದು ನಿಮಿಷ, ಆ ತಾಯಿ ಕೇಳಿದ್ದು ಬೇರೆ. ಮಗು ಯಾವ ರಾಜ್ಯದಲ್ಲಿ ಕೂತಿದೆಯೋ ಅಲ್ಲಿನ ಲೈಸೆನ್ಸ್ ಇಲ್ಲದವರು ವಿಡಿಯೋದಲ್ಲಿ ಚಿಕಿತ್ಸೆ ಕೊಡೋ ಹಾಗಿಲ್ಲ. ಜೀವನಪೂರ್ತಿ ಬಿಡೋಕಾಗಲ್ಲ ಅನ್ನೋದೂ ಸರಿಯಲ್ಲ, ಡಾಕ್ಟರು ಹೇಳಿದ ಹಾಗೆ ನಿಧಾನವಾಗಿ ಇಳಿಸಿ ನಿಲ್ಲಿಸ್ತಾರೆ. ಮಾತ್ರೆ ಬೇಕೇ ಬೇಕು ಅಂತಲೂ ಇಲ್ಲ, ಎಷ್ಟೋ ಮಕ್ಕಳಿಗೆ ಥೆರಪಿಯಿಂದಲೇ ಆಗುತ್ತೆ. ಕೊಟ್ರೆ ಮೊದಲ ವಾರಗಳಲ್ಲಿ ಮಗುವನ್ನ ಹತ್ತಿರದಿಂದ ನೋಡ್ತಿರಬೇಕು, 2004ರಿಂದ ಖಿನ್ನತೆಯ ಮಾತ್ರೆಗಳ ಮೇಲೆ ಮಕ್ಕಳ ವಿಷಯದಲ್ಲಿ ಆ ಎಚ್ಚರಿಕೆ ಅಚ್ಚಾಗಿದೆ. ಅದಕ್ಕೇ ಕೈಗೆ ಸಿಗೋ ಡಾಕ್ಟರು ಬೇಕು ಅನ್ನೋದು.
ಬಾಸ್ಟನ್‌ನವರೇ, ನಿಮ್ಮ ರಾಜ್ಯದಲ್ಲಿ 2004ರಿಂದ ಎಂಸಿಪ್ಯಾಪ್ ಅಂತ ವ್ಯವಸ್ಥೆ ಇದೆ. ನಿಮ್ಮ ಮಕ್ಕಳ ಡಾಕ್ಟರು ಅವರಿಗೆ ಫೋನ್ ಮಾಡಿ ಮಕ್ಕಳ ಸೈಕಿಯಾಟ್ರಿಸ್ಟ್ ಹತ್ರ ಮಾತಾಡ್ತಾರೆ, ನಿಮಗೆ ಖರ್ಚಿಲ್ಲ, ಇನ್ಶೂರೆನ್ಸ್ ಯಾವುದಿದ್ರೂ ನಡೆಯುತ್ತೆ. ಹಾಗಾಗಿ ಮೊದಲು ಮಕ್ಕಳ ಡಾಕ್ಟರ ಹತ್ರ ಹೋಗಿ. 550 ಒಂದು ಸಲ ಕೊಡೋಕೆ ಆದ್ರೆ ಅದನ್ನೂ ಬಿಡಬೇಡಿ. ಒಂದು ಸಲ ಸರಿಯಾಗಿ ಪರೀಕ್ಷೆ ಆದ್ರೆ ಮುಂದಿನದನ್ನ ಮಕ್ಕಳ ಡಾಕ್ಟರೇ ನೋಡ್ಕೊಳ್ಳೋದು ಎಷ್ಟೋ ಕಡೆ ನಡೆಯುತ್ತೆ. ಆ ಐದು ತಿಂಗಳಿನದ್ದನ್ನೂ ರದ್ದು ಮಾಡಬೇಡಿ. ಸಾಯೋ ಮಾತು ಬಂದ್ರೆ ಮಾತ್ರ ಯಾವ ಲೆಕ್ಕವೂ ಬೇಡ, ಆ ಕ್ಷಣವೇ 988 ಸಹಾಯವಾಣಿಗೆ ಫೋನ್ ಮಾಡಿ.

ಕೊಪ್ಪ – ಸಿಯಾಟಲ್
ಟಿಕೆಟ್ ಈಗಲೇ ತಗೊಳ್ಳಿ, ಕ್ರಿಸ್‌ಮಸ್ ಹತ್ರ ಬಂದ್ರೆ ಮುಟ್ಟೋಕಾಗಲ್ಲ.

ತೀರ್ಥಹಳ್ಳಿ – ಬಾಸ್ಟನ್
ಎಲ್ಲರಿಗೂ ಧನ್ಯವಾದ. ಊರಿಗೆ ಕಳಿಸೋ ಆಸೆ ನನಗೂ ಇದೆ, ತುಂಗೆಯಲ್ಲಿ ಕಾಲು ಇಳಿಬಿಟ್ಟು ಕೂರೋದು ಅವಳಿಗೆ ಇಷ್ಟ. ಆದ್ರೆ ಮನೆ ಬಾಗಿಲು ದಾಟೋಕಾಗದ ಮಗುವನ್ನ ವಿಮಾನ ಹೇಗೆ ಹತ್ತಿಸಲಿ? ಶೃಂಗೇರಿಯವರು ಬರೆದದ್ದನ್ನ ಗಂಡನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಆಮೇಲೆ ತಾವೇ ಹೋಗಿ ಇನ್ಶೂರೆನ್ಸ್ ಕಾರ್ಡ್ ತಂದು ಮೇಜಿನ ಮೇಲಿಟ್ಟರು. ಮಕ್ಕಳ ಡಾಕ್ಟರು ಮಂಗಳವಾರ ನೋಡ್ತಾರೆ. 550ರದ್ದನ್ನೂ ಒಂದು ಸಲಕ್ಕೆ ಹಿಡಿದಿಟ್ಟಿದ್ದೀನಿ. ಫೋನ್ ಮಾಡಿದ ತಾರೀಖುಗಳನ್ನ ಬರೀತಿದ್ದೆ, ಮಗಳೇ ಪಕ್ಕ ಕೂತು ನನ್ನ ಮೊಬೈಲ್ ನೋಡಿ ಒಂದೊಂದೇ ಓದಿ ಹೇಳಿದಳು. ಆ ಗ್ಯಾಪ್ ಎಕ್ಸೆಪ್ಶನ್ ಅರ್ಜಿ ಡಾಕ್ಟರೇ ಕಳಿಸಬೇಕಾ, ನಾನೇ ಕಳಿಸಬಹುದಾ?

ಶಿವಮೊಗ್ಗ – ನ್ಯೂಜೆರ್ಸಿ
ನೀವೇ ಶುರು ಮಾಡಿ. ಮಾತಾಡಿದವರ ಹೆಸರು, ಕರೆಯ ರೆಫರೆನ್ಸ್ ನಂಬರ್ ಬರ್ಕೊಳ್ಳಿ. ಇಲ್ಲ ಅಂದ್ರೆ ಬರಹದಲ್ಲಿ ಕೊಡಿ ಅನ್ನಿ, ಅದರ ಮೇಲೆ ಅಪೀಲ್ ಹಾಕೋಣ. ಪತ್ರ ನಾನು ಬರೆದುಕೊಡ್ತೀನಿ.